ಎರಡನೆಯ ಸ್ನಾನ

"ಏ ಏ, ಮುಟ್ಟಬ್ಯಾಡ!"

ವೆಂಕಣ್ಣನವರ ಕೂಗಿಗೆ ರಮೀರೊ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕನ್ನಡ ಬರದಿದ್ದರೇನು, ಗದರಿಕೆಗೆ ದುಭಾಷಿ ಬೇಕಿಲ್ಲ. ಹ್ಯೂಸ್ಟನ್ನಿನ ಫ್ಯೂನರಲ್ ಹೋಮಿನ ಹಿಂಗೋಣೆಯಲ್ಲಿ ಡಾಕ್ಟರ್ ಪ್ರಭಂಜನರ ಶವಕ್ಕೆ ಆಗತಾನೇ ಸ್ನಾನ ಮಾಡಿಸಿ, ಗೋಪೀಚಂದನ ಹಚ್ಚಿ, ಧೋತರ ಉಡಿಸಿದ್ದರು. ಪೆಟ್ಟಿಗೆಗೆ ಎತ್ತಿಡಲು ನಾಲ್ವರು ಬೇಕು. ಮಗ ಅನಿರುದ್ಧ, ಆಸ್ಟಿನ್‌ನಿಂದ ಬಂದ ಅವನ ಇಬ್ಬರು ಗೆಳೆಯರು, ಅಲ್ಲಿಗೆ ಮೂವರಾದರು. ತೀರಿಕೊಂಡವರ ಅಣ್ಣ ವೆಂಕಣ್ಣನವರು ಸೌತ್‌ಲೇಕ್‌ನಿಂದ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು. ಅವರಿಂದ ಎತ್ತಲಾಗುವುದು ದನಿಯೊಂದೇ.

"ಅನುಸೂಯಾ, ದನಾ ಸುಲಿಯೋ ಕೈ ಅದು. ದೇಹ ಮಡಿಯೊಳಗ ಅದ. ನೀನರ ಹೇಳು."

ಅನುಸೂಯಾಬಾಯಿಯವರು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದರು. ಆ ಕೈ ಯಾವ ಕೈಯೆಂದು ಅವರಿಗೂ ಗೊತ್ತಿತ್ತು. ಗಂಡ ಕಸಾಯಿಖಾನೆಯಲ್ಲಿ ಸರ್ಕಾರದ ಪಶುವೈದ್ಯ, ನಾಲ್ಕನೆಯವನಾಗಲು ಮುಂದೆ ಬಂದ ರಮೀರೊ ಅಲ್ಲಿ ಚರ್ಮ ಸುಲಿಯುವವ. ಆ ಕೆಲಸವನ್ನು ಬಂಧುಬಳಗಕ್ಕೆ 'ಫುಡ್ ಡಿಪಾರ್ಟ್‌ಮೆಂಟ್' ಎಂದು ಹೇಳಿ ಇಷ್ಟು ವರ್ಷ ಮರ್ಯಾದೆ ಉಳಿಸಿಕೊಂಡವರು ಇವರೇ.

*

೨೦೧೫ರ ಜನವರಿ. ಮಳೆ ಹಿಡಿದಿತ್ತು. ಪ್ರಭಂಜನರು ತಡವಾಗಿ ಬಂದು ಗ್ಯಾರೇಜಿನಲ್ಲಿ ನಿಂತಿದ್ದರು. ಅಲ್ಲೊಂದು ತಣ್ಣೀರಿನ ನಲ್ಲಿ. ಸ್ನಾನ ಮಾಡದೆ ಒಳಗೆ ಕಾಲಿಡಕೂಡದೆಂಬುದು ಹೆಂಡತಿಯ ಕಟ್ಟಪ್ಪಣೆ.

"ಇಷ್ಟೊತ್ತ್ಯಾಕಾತ್ರಿ?" ಅನುಸೂಯಾಬಾಯಿ ಹೊಸ್ತಿಲೊಳಗಿನಿಂದಲೇ ಕೇಳಿದರು.

"ದನಗಳ ಮೈತುಂಬ ಕೆಸರು, ಸಗಣಿ ಮೆತ್ತಿಕೊಂಡಿತ್ತು. ಹಂಗ ಸುಲಿದ್ರ ಚರ್ಮದ ಹೊಲಸು ಮಾಂಸಕ್ಕ ಹತ್ತತದ. ಸುಲಿಯೋ ಲೈನ್ ನಿಲ್ಲಿಸಿದೆ. ಮ್ಯಾನೇಜರ್ ಕುಣದಾಡಿದ."

"ತಿನ್ನೋರ ಕರ್ಮ ತಿನ್ನೋರಿಗೆ. ನಿಮಗ್ಯಾಕ ಆ ಉಸಾಬರಿ?"

"ಕರ್ಮ ಅವ್ರದಾಗ್ಲಿ. ಆ ಹೊಲಸಿನಿಂದ ಯಾವುದಾದ್ರೂ ಕೂಸು ಜಡ್ಡು ಬಿದ್ರ, ಆ ಕರ್ಮ ನಂದು." ಆಮೇಲೆ ನಕ್ಕರು. "ಚರ್ಮ ಮುಟ್ಟಿದ ಕೈ ತೊಳಕೊಂಡ ಹೊರತು ಮಾಂಸ ಮುಟ್ಟಂಗಿಲ್ಲ ಅಲ್ಲಿ. ನಿನ್ನ ಮಡಿಗಿಂತ ನಮ್ಮ ಮಡಿ ಬಿಗಿ ಅದ ನೋಡು."

ಎಲ್ಲಿಯ ಮಡಿಗೆ ಎಲ್ಲಿಯದನ್ನು ಹೋಲಿಸುವುದು! ಅನುಸೂಯಾಬಾಯಿಗೆ ಮೈ ಉರಿದು ಹೋಯಿತು. ಬಾಗಿಲು ಹಾಕಿಕೊಂಡರು. ಆಚೆಯಿಂದ ನೀರು ಸುರಿಯುವ ಸದ್ದು, ಹಲ್ಲು ಕಟಕಟಿಸುತ್ತ ಹೇಳುವ ಕೇಶವನಾಮ ಕೇಳುತ್ತಿತ್ತು.

*

ರಮೀರೊ ಹಿಂಗೋಣೆಯ ಮೂಲೆಯ ಸಿಂಕಿಗೆ ಹೋದ. ತೋಳು ಮಡಚಿ, ಉಗುರಿನಿಂದ ಮೊಣಕೈವರೆಗೆ ಸಾಬೂನು ಹಚ್ಚಿ ತಿಕ್ಕಿದ. ಮೊಣಕೈಯಿಂದಲೇ ನಲ್ಲಿ ನಿಲ್ಲಿಸಿದ. ಕೈಗಳನ್ನು ಯಾವುದಕ್ಕೂ ತಾಗಿಸದೆ ಎದೆಯೆತ್ತರಕ್ಕೆ ಹಿಡಿದು ನಿಂತ.

ಗಂಡನೂ ಅಡುಗೆಮನೆಯ ನಲ್ಲಿಯನ್ನು ಹೀಗೆಯೇ ನಿಲ್ಲಿಸುತ್ತಿದ್ದರು. ಅದು ಅತ್ತೆಯವರು ಕಲಿಸಿದ ಮಡಿ ಎಂದೇ ಅನುಸೂಯಾಬಾಯಿ ತಿಳಿದಿದ್ದರು.

"ಡಾಕ್ಟರ್ ಕಲಿಸಿದ್ದು, ಮೇಡಂ," ಎಂದ ರಮೀರೊ ತನ್ನ ಇಂಗ್ಲಿಷಿನಲ್ಲಿ. "ಸ್ನಾನವನ್ನೂ ಮಾಡಿಯೇ ಬಂದಿದ್ದೇನೆ. ಡಾಕ್ಟರ್ ಕೆಲಸ ಮುಗಿದ ಮೇಲೆ ಕಸಾಯಿಖಾನೆಯಲ್ಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡೇ ಮನೆಗೆ ಹೊರಡುತ್ತಿದ್ದರು."

"ಅಲ್ಲೇ? ದಿನಾಲೂ?" ಅನುಸೂಯಾಬಾಯಿಯೂ ಇಂಗ್ಲಿಷಿನಲ್ಲೇ ಕೇಳಿದರು.

"ಒಂದು ದಿನವೂ ತಪ್ಪಿಸಲಿಲ್ಲ."

ಶುದ್ಧನಾಗಿಯೇ ಬಂದ ಮನುಷ್ಯ, ಮತ್ತೆ ತಣ್ಣೀರಿನ ಕೆಳಗೆ ನಿಂತಿದ್ದ, ಜನವರಿಯಲ್ಲೂ. ಒಂದು ಮಾತು ಹೇಳಿರಲಿಲ್ಲ. ಬೆಳಗಿನಿಂದ ಒಣಗಿದ್ದ ಅನುಸೂಯಾಬಾಯಿಯ ಕಣ್ಣು ಈಗ ತುಂಬಿ ಬಂತು.

"ಭಾವಾರ, ಸ್ವಲ್ಪ ಈ ಕಡೆ ಸರೀರಿ," ಎಂದರು. ರಮೀರೊನ ಕಡೆ ತಿರುಗಿ, "ತಲೀ ಕಡೆ ಹಿಡಿಯಪ್ಪಾ," ಎಂದು ಕೈತೋರಿದರು. ಅವನಿಗೆ ಅದೂ ಅರ್ಥವಾಯಿತು.

*

ದಹನ ಮುಗಿಸಿ ಮನೆಗೆ ಬಂದಾಗ ಸಂಜೆಯ ಚಳಿ ಏರುತ್ತಿತ್ತು. ಗಂಡಸರ ಸ್ನಾನ ಒಳಗಿನ ಬಚ್ಚಲಲ್ಲಿ ಮುಗಿಯಿತು. ಅನುಸೂಯಾಬಾಯಿ ಗ್ಯಾರೇಜಿಗೆ ಹೋಗಿ, ಉಟ್ಟ ಸೀರೆಯಲ್ಲೇ ನಲ್ಲಿಯ ಕೆಳಗೆ ಕೂತರು. ಕೇಶವ ಎನ್ನಲು ಹೋದರೆ ಹಲ್ಲು ಕಟಕಟ ಎಂದವು.

"ಅಮ್ಮಾ!" ಹೊಸ್ತಿಲೊಳಗಿನಿಂದ ಅನಿರುದ್ಧ ಕರೆದ. "ವೈ ದೇರ್? ಒಳಗೆ ಹಾಟ್ ವಾಟರ್ ಇದೆ."

ಅವರು ನಲ್ಲಿಯ ತಣ್ಣೀರನ್ನು ಇನ್ನಷ್ಟು ಜೋರಾಗಿ ಬಿಟ್ಟರು.