ಆರು ಗೂಡಿನ ಒಂಟಿ ಕೆಂದಳಿಲು

ನಾನೊಂದು ಕೆಂದಳಿಲು, ಹೆಣ್ಣು. ಹುಟ್ಟಿದ್ದು ಚಾಮರಾಜನಗರದ ಕಡೆಯ ಬೆಟ್ಟದ ಕಾಡಿನಲ್ಲಿ, ಮತ್ತಿ ಮರದ ತುದಿಗೂಡಿನಲ್ಲಿ. ನೆಲಕ್ಕೆ ಕಾಲಿಡಬೇಡ ಎಂಬುದು ಅಮ್ಮ ಕಲಿಸಿದ ಮೊದಲ ಪಾಠ. ನೆಲದಲ್ಲಿ ಚಿರತೆಯಿದೆ, ಸೀಳುನಾಯಿಯಿದೆ, ನೀವಿದ್ದೀರಿ. ನಿಮ್ಮ ಅಂಗಳದ ಮೂರು ಗೆರೆಯ ಅಳಿಲಿಗೆ ನನ್ನನ್ನು ಹೋಲಿಸಬೇಡಿ. ನನ್ನ ಬಾಲದಷ್ಟೂ ಇಲ್ಲ ಅದು. ಜಂಬವೆಂದರೆ ಜಂಬವೇ ಇರಲಿ.

ನಮ್ಮವರು ಒಂದೇ ಗೂಡನ್ನು ನಂಬಿ ಕೂರುವುದಿಲ್ಲ. ಹದ್ದು ಒಂದನ್ನು ಕಂಡುಕೊಂಡರೆ ಮಲಗಲು ಇನ್ನೊಂದು ಬೇಕಲ್ಲ. ಹಾಗಾಗಿ ನಾನು ಆರು ಕಟ್ಟಿದೆ. ಆಗ ನನಗೊಬ್ಬ ಜೊತೆಗಾರನೂ ಇದ್ದ.

ಆಮೇಲೆ ಕಾಡಿನ ರಸ್ತೆಯನ್ನು ಅಗಲ ಮಾಡಿದರು. ಗರಗಸದ ಸದ್ದಿಗೆ ಬೆದರಿ ನಾನು ಹಳ್ಳದ ಕಡೆಗೆ ಓಡಿದೆ, ಅವನು ಗುಡ್ಡದ ಕಡೆಗೆ. ಸದ್ದು ನಿಂತು ತಿರುಗಿ ಬಂದಾಗ ನಮ್ಮಿಬ್ಬರ ನಡುವೆ ನಲವತ್ತು ಅಡಿ ಬರೀ ಬಯಲು. ಪ್ರಾಣದ ಹಂಗು ತೊರೆದು ಜಿಗಿದರೂ ನನ್ನ ಮಿತಿ ಇಪ್ಪತ್ತಡಿ. ಹಿಂದೆ ಹಳ್ಳ, ಹಳ್ಳದಾಚೆ ಹೊಲ. ಎರಡು ಮಳೆಗಾಲ ಅವನ ಕೂಗಿಗೆ ಓಗೊಟ್ಟೆ. ಮೂರನೆಯ ಮಳೆಗಾಲದಲ್ಲಿ ಕೂಗು ಬರಲಿಲ್ಲ. ಹಣ್ಣಿಗೆ ಬರವಿರಲಿಲ್ಲ, ಆದರೆ ತಿನ್ನುವ ಮನಸ್ಸೇ ಇರಲಿಲ್ಲ.

ಕಾವಲುಗಾರ ಬೇದೇಗೌಡ ನನಗೆ ಪರಿಚಯವಾದದ್ದು ಅದಾದ ಮೇಲೆ. ಸೋಲಿಗರವನು, ಜೇನು ಇಳಿಸುವುದರಲ್ಲಿ ಎತ್ತಿದ ಕೈ. ರಸ್ತೆಯಿಂದ ಬೇರೆಯಾದ ಈ ತುಂಡು ಕಾಡಿನಲ್ಲಿ ಕೆಂದಳಿಲು ಎಷ್ಟಿವೆ, ಅವಕ್ಕೆ ರಸ್ತೆ ದಾಟಲು ಹಗ್ಗದ ಸೇತುವೆ ಬೇಕೇ ಎಂದು ನೋಡಿ ಬರಲು ಅರಣ್ಯ ಇಲಾಖೆಯ ಸಾಹೇಬರು ಅವನನ್ನು ಕಳುಹಿಸಿದ್ದರು. ಜೇನಿನವರ ರೂಢಿಯೇ ಬೇರೆ. ಒಂದು ಜೇನುತಟ್ಟಿ ಕಂಡರೆ ಒಂದು ಸಂಸಾರ ಎಂದು ಲೆಕ್ಕ. ಅವನು ಕತ್ತೆತ್ತಿ ನನ್ನ ಗೂಡುಗಳನ್ನು ಎಣಿಸಿದ, ಆರು ಅಳಿಲು ಎಂದು ಬರೆಸಿಬಿಟ್ಟ.

"ಆರು ಇದಾವಲ್ಲ, ತಾವೇ ಬೆಳೀತಾವೆ. ಸೇತುವೆ ಬೇಡ ಬಿಡಿ" ಎಂದರು ಸಾಹೇಬರು. ಇದನ್ನು ಬೇದೇಗೌಡನೇ ಮುಂದೆ ನನ್ನ ಮರದಡಿ ಕುಳಿತು ಹೆಂಡತಿ ಕೇತಮ್ಮನಿಗೆ ಹೇಳಿದ.

ನನ್ನ ಎಡಗಿವಿ ಹರಿದಿದೆ. ಎರಡು ವರ್ಷದ ನಂತರ ಕೆಲವು ದಿನ ಪಕ್ಕದ ಮರಕ್ಕೆ ಜೇನಿಗೆ ಹತ್ತುತ್ತಿದ್ದ ಬೇದೇಗೌಡ, ಅದೇ ಹರಿದ ಕಿವಿ ಒಂದೊಂದು ದಿನ ಒಂದೊಂದು ಗೂಡಿನಿಂದ ಇಣುಕುವುದನ್ನು ಕಂಡ. ಕೊನೆಗೊಂದು ದಿನ ಇಳಿದು ಬಂದು ಬುಡದಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತ. ಮಾರನೆಯ ದಿನ ಸಾಹೇಬರ ಜೀಪು ಬಂತು.

"ಆರಲ್ಲ ಸಾ, ಒಂದೇಯ. ಗೂಡ ಎಣಿಸ್ಬುಟ್ಟು ಅಳಿಲು ಅಂದ್ಕಂಡೆ. ತಪ್ಪು ನಂದು."

ಸಾಹೇಬರು ಕೆಟ್ಟವರಲ್ಲ. ಕತ್ತೆತ್ತಿ ಗೂಡುಗಳನ್ನು ತಾವೇ ಒಂದೊಂದಾಗಿ ನೋಡಿದರು. "ಒಂದೇ ಅಂದ್ರೆ ಇನ್ನೂ ಕಷ್ಟ ಗೌಡ. ಒಂದು ಅಳಿಲಿಗೋಸ್ಕರ ಸೇತುವೆ ಅಂದ್ರೆ ಮೇಲಿನವರು ಒಪ್ತಾರಾ?"

ಆರಿದ್ದಾಗ ಬೇಡವಾದ ಸೇತುವೆ ಒಂದಾದಾಗಲೂ ಬೇಡವಾಯಿತು. ನಿಮ್ಮ ಲೆಕ್ಕ ನಿಮಗೇ ಪ್ರೀತಿ.

ಸಾಯಂಕಾಲ ಕೇತಮ್ಮ ಗಂಡನಿಗೆ ಹೇಳಿದಳು: "ಜೇನಿಗೆ ಬಳ್ಳಿ ಏಣಿ ಹೆಣೀತೀಯಲ್ಲ, ಇದಕ್ಕೆ ಯಾಕೆ ಹೆಣೀಬಾರ್ದು? ಯಾರ್ ಕೇಳ್ಬೇಕು?"

ನಾಲ್ಕು ದಿನ ಇಬ್ಬರೂ ಬಳ್ಳಿ ಹೆಣೆದರು. ಅವನು ಈ ಬದಿಯ ಮರ ಹತ್ತಿ ಕಟ್ಟಿದ, ಆ ಬದಿಯ ಮರ ಹತ್ತಿ ಎಳೆದು ಬಿಗಿದ. ಮಂಡಿ ತರಚಿ ರಕ್ತ ಬಂದಿತ್ತು. "ನಿನ್ನ ಋಣ ತೀರಿಸ್ದೆ ಕನವ್ವ, ಇನ್ನು ನೀನುಂಟು ಆ ಬಳ್ಳಿಯುಂಟು" ಎಂದು ನನ್ನತ್ತ ನೋಡಿ ಹೇಳಿ ಹೋದ.

ನನಗೆ ವಯಸ್ಸಾಗಿದೆ. ಒಂಬತ್ತು ದಿನ ಬಳ್ಳಿಯ ತುದಿಯಲ್ಲಿ ಕುಳಿತು ಹೆದರಿದೆ. ಅಲ್ಲಿ ನನಗಾಗಿ ಕಾದಿರುವವರು ಯಾರೂ ಇಲ್ಲವೆಂದೂ ಗೊತ್ತಿತ್ತು. ಹತ್ತನೆಯ ದಿನ ಬೆಳಗ್ಗೆ, ಕೆಳಗೆ ಬಸ್ಸು ಹೋಗುತ್ತಿದ್ದಾಗ, ಹೊಟ್ಟೆ ಬಳ್ಳಿಗೆ ತಾಗಿಸಿಕೊಂಡು ದಾಟಿದೆ.

ಆ ಬದಿಯಲ್ಲಿ ಬಹುದೂರ ಒಳಗೆ, ಮರವೊಂದರಲ್ಲಿ ಹರೆಯದ ಹೆಣ್ಣು ಕೆಂದಳಿಲೊಂದು ಕಾಯಿ ಕಡಿಯುತ್ತಿತ್ತು. ನನ್ನನ್ನು ಕಂಡದ್ದೇ ಬಾಲ ಕೊಡವಿ, ಇದು ನನ್ನ ಮರ, ತೊಲಗು ಎಂದು ಒಂದೇ ಸಮನೆ ಬೈಯತೊಡಗಿತು. ನನ್ನ ಜಾತಿಯ ದನಿ ಕೇಳಿ ಮೂರು ವರ್ಷದ ಮೇಲಾಗಿತ್ತು. ಕೊಂಬೆಗೆ ಗದ್ದ ಆನಿಸಿ, ಅದು ಬೈದು ಮುಗಿಸುವವರೆಗೂ ಕೇಳುತ್ತ ಕುಳಿತೆ.