ಹೊಸ ಅರಳೆಯ ದಿಂಬು

ಚಕ್ರದ ಪೆಟ್ಟಿಗೆಯೊಂದು ಹೊರಗಡೆ ಕಾರಿಡಾರಿನ ಟೈಲ್ಸ್ ಮೇಲೆ ಗಡಗಡ ಉರುಳಿಕೊಂಡು ಹೋಗುತ್ತಿದೆ, ಸಂದಿಗೊಂದು ಟಕ್, ಸಂದಿಗೊಂದು ಟಕ್, ಆ ಟಕ್ ಗೋಡೆ ದಾಟಿ ಮಂಚದ ಕಾಲು ಹತ್ತಿ ನೆಟ್ಟಗೆ ನನ್ನ ಸೊಂಟಕ್ಕೇ ಬಂದು ಕೂರುತ್ತದೆ, ಲೋಕದಲ್ಲಿ ಅದಕ್ಕೆ ಬೇರೆ ಜಾಗವೇ ಇಲ್ಲದ ಹಾಗೆ — ಅಲ್ಲಾಡಬಾರದು, ಉಸಿರನ್ನೂ ಅರ್ಧಕ್ಕೇ ಎಳೆಯಬೇಕು — ಎಡಗಡೆಯಿಂದ ಮೂರನೇ ಸ್ಪ್ರಿಂಗು ಸತ್ತಿದೆ, ಅದರ ಪಕ್ಕದ್ದು ಇವತ್ತೋ ನಾಳೆಯೋ, ಮೇಲಿನ ಸ್ಪಂಜು ನಡುವೆ ಕುಳಿ ಬಿದ್ದು ತೊಟ್ಟಿಲಾಗಿದೆ, ಮೂವತ್ತೆಂಟು ವರ್ಷ ಊರಿಗೆಲ್ಲ ಹಾಸಿಗೆ ಹೊಲಿದವನಿಗೆ ಇದನ್ನು ತಿಳಿಯಲು ಬಿಚ್ಚಿ ನೋಡಬೇಕಾಗಿಲ್ಲ, ಬೆನ್ನು ಸಾಕು, ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದರು ಹಿರಿಯರು, ಈಗ ನೋಡು ಭಗವಂತ, ಹಾಸಿಗೆ ಆರಡಿ ಇದೆ, ಕಾಲೇ ಚಾಚಲು ಬರುವುದಿಲ್ಲ. ಮಂಡಿಯ ಕೆಳಗೆ ಎರಡು ತಲೆದಿಂಬು ಇಟ್ಟು ಹೋಗಿದ್ದಾಳೆ ಹೆಂಡತಿ, ಪಕ್ಕದಲ್ಲಿ ಬಿಸಿನೀರಿನ ಚೀಲ, ಅದೂ ಈಗ ಸತ್ತ ಮೀನಿನ ಹಾಗೆ ತಣ್ಣಗೆ, ಮುಲಾಮಿನ ಘಾಟು ಕಣ್ಣಿಗೆ ಹತ್ತುತ್ತಿದೆ, ನೋವು ಮಾತ್ರ ತನ್ನ ಜಾಗ ಬಿಟ್ಟು ಕದಲಿಲ್ಲ, ನೆಂಟರ ಮನೆಗೆ ಬಂದ ಸೋದರಮಾವನ ಹಾಗೆ ಗಟ್ಟಿಯಾಗಿ ಕೂತಿದೆ. ನಿನ್ನೆ ಬಸ್ಸಿನಲ್ಲಿ ಎಂಟು ಗಂಟೆ. ಮೂಳೆ ಡಾಕ್ಟರು ಹೇಳಿದ್ದು ಮೂರೇ ಮಾತು, ಗಂಟೆಗೊಂದು ಸಲ ಎದ್ದು ನಿಲ್ಲಿ, ಭಾರ ಎತ್ತಬೇಡಿ, ಒಂದು ಟವೆಲ್ ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳಿ — ಟವೆಲ್ಲೇ, ಅದೂ ನನಗೇ, ಚಪ್ಪಲಿ ಹೊಲಿಯುವವನಿಗೆ ಬರಿಗಾಲಲ್ಲಿ ಹೋಗು ಅಂದ ಹಾಗಾಯಿತು — ಹೊರಡುವ ಹಿಂದಿನ ದಿನ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ನಾನೇ ಒಂದು ದಿಂಬು ಹೊಲಿದೆ, ಮೊಳದುದ್ದ, ಒಳ್ಳೆಯ ಗವಸು, ಆಗಷ್ಟೇ ಹಿಂಜಿದ ಹೊಸ ಅರಳೆ, ಬಿಗಿಯಾಗಿ, ಇನ್ನೂ ಬಿಗಿಯಾಗಿ, ಮಂಡಿಯೂರಿ ಅದುಮಿ ಅದುಮಿ ತುಂಬಿದೆ, ಗಿರಾಕಿ ಒತ್ತಿ ನೋಡಿ ಭೇಷ್ ಅನ್ನಬೇಕಲ್ಲ ಹಾಗೆ, ಗಿರಾಕಿ ಯಾರು, ನಾನೇ. ಹೊಸ ಅರಳೆ ಒಂದು ತಿಂಗಳು ಮೈಯ ಭಾರ ಉಂಡ ಮೇಲೇ ಬಗ್ಗುವುದು, ಅಲ್ಲಿಯ ತನಕ ಅದು ಕಲ್ಲಿನ ತಮ್ಮ, ಮಕ್ಕಳಿಗೂ ಮುದುಕರಿಗೂ ಆಗಲೇ ಕೊಡಬೇಡಿ ಎಂದು ಬಂದವರಿಗೆಲ್ಲ ಬುದ್ಧಿ ಹೇಳಿ ಕಳಿಸಿದವನು ನಾನು, ನನಗೆ ಹೇಳುವವರು ಯಾರು, ತನ್ನ ಬೆನ್ನು ತನಗೆ ಕಾಣದು. ಮೊದಲ ಗಂಟೆಯಲ್ಲೇ ಗೊತ್ತಾಯಿತು, ದಿಂಬು ಬೆನ್ನಿಗೆ ಆನಿಕೆ ಕೊಡುತ್ತಿಲ್ಲ, ಬೆನ್ನನ್ನು ಮುಂದಕ್ಕೆ ನೂಕುತ್ತಿದೆ, ಮೊಣಕಾಲಿನಿಂದ ಒದ್ದ ಹಾಗೆ, ಇವಳು ಪಕ್ಕದಿಂದ ನೋಡಿದಳು, ನೋಡಿದಳೋ ಕೇಳಿದಳೋ, ನನ್ನ ಉಸಿರು ಕೇಳಿಯೇ ಅವಳಿಗೆ ಎಲ್ಲ ತಿಳಿಯುವುದು ಈಗೀಗ, ರೀ, ದಿಂಬು ಒತ್ತುತ್ತಾ, ತೆಗೆದಿಡಲಾ, ಅಂದಳು. ಒತ್ತೋದಾ, ನಾನು ಹೊಲಿದದ್ದಾ, ಸುಮ್ಮನೆ ಕೂತ್ಕೊಳ್ಳೇ ಅಂದೆ. ಎದ್ದು ನಿಂತರೆ ದಿಂಬು ಸೋತ ಹಾಗೆ, ದಿಂಬು ಸೋತರೆ ನಾನು ಸೋತ ಹಾಗೆ ಅಂದುಕೊಂಡು ಎಂಟು ಗಂಟೆಯೂ ಏಳಲಿಲ್ಲ, ಇಳಿಯುವಾಗ ಕೊನೆಯ ಮೆಟ್ಟಿಲಿನಲ್ಲಿ ಸೊಂಟದಿಂದ ಹಿಮ್ಮಡಿಗೆ ಕಾದ ಕಂಬಿಯೊಂದು ಇಳಿಯಿತು, ಅಯ್ಯೋ ಎಂದು ಕೂಗಿದವನು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಂಗಡಿಗೆ ಬೀಗ ಹಾಕಿ ಎಲ್ಲಿಗೂ ಹೋದವರಲ್ಲ ನಾವು, ಮದುವೆಯಾದ ಹೊಸತರಲ್ಲಿ ಅವಳು ಒಂದೇ ಒಂದು ಸಲ ಕೇಳಿದ್ದಳು, ಸಮುದ್ರ ತೋರಿಸ್ತೀರಾ, ತೋರಿಸೋಣ, ಈ ಹಾಸಿಗೆ ಲೋಡುಗಳು ಮುಗಿಯಲಿ, ಅಂದೆ, ಲೋಡು ಯಾವತ್ತಾದರೂ ಮುಗಿಯುತ್ತವೆಯೇ, ಜನ ಮಲಗುವುದು ನಿಲ್ಲಿಸಿದರಲ್ಲವೇ. ದಿನಾ ಬೆಳಿಗ್ಗೆ ಅಂಗಡಿಯ ಹೊಸ್ತಿಲಲ್ಲಿ ಕೂತು ಅವಳು ಆ ದಿನದ ಸೂಜಿಗಳಿಗೆಲ್ಲ ದಾರ ಪೋಣಿಸಿಡುತ್ತಿದ್ದಳು, ದಬ್ಬಣಕ್ಕೆ ಹುರಿ, ಸಣ್ಣ ಸೂಜಿಗೆ ನೂಲು, ಒಂದು ಹೊತ್ತಿನ ಕೆಲಸ, ಹೋದ ವರ್ಷ ಒಂದು ಬೆಳಿಗ್ಗೆ ಒಂದೇ ದಬ್ಬಣ ಹಿಡಿದು ಕೂತೇ ಇದ್ದಾಳೆ, ಏನೇ, ಇವತ್ತು ಸೂಜಿಗೂ ನಿನಗೂ ಜಗಳವಾ ಅಂದೆ ತಮಾಷೆಗೆ, ತೂತು ಎಲ್ಲೋ ಹೋಯ್ತು ಕಣ್ರೀ ಅಂದಳು, ನಗುತ್ತಲೇ. ಕಣ್ಣಿನ ಡಾಕ್ಟರ ಮುಂದೆ ಹೇಗೆ ಕಾಣುತ್ತದಮ್ಮ ಎಂದು ಕೇಳಿದಾಗ ಕೈಯಿಂದ ಒಂದು ಬಳೆ ತೆಗೆದು ಕಣ್ಣಿಗೆ ಹಿಡಿದು ತೋರಿಸಿದಳು, ಇಷ್ಟೇ, ಸುತ್ತ ಎಲ್ಲ ಹೊಗೆ. ಅವಳನ್ನು ಆಚೆ ಕೂರಿಸಿ ಡಾಕ್ಟರು ನನಗೆ ಹೇಳಿದರು, ಬಳೆ ಉಂಗುರ ಆಗುತ್ತೆ, ಆಮೇಲೆ ಅದೂ ಇಲ್ಲ, ನೋಡಬೇಕಾದ್ದು ಏನಾದ್ರೂ ಇದ್ರೆ ಈ ವರ್ಷವೇ ತೋರಿಸಿಬಿಡಿ. ಏನು ನೋಡ್ತೀಯೇ ಅಂದರೆ ಒಂದು ಗಳಿಗೆಯೂ ಯೋಚಿಸಲಿಲ್ಲ, ನೀರು, ಅಂದಳು, ದಡದಲ್ಲಿ ನಿಂತು ಅಲ್ಲ, ನೀರಿನ ನಡುವೆ ನಿಂತು, ಹುಟ್ಟಿದಾಗಿನಿಂದ ಬಾವಿ ನೀರೇ ನೋಡಿದ್ದೀನಿ, ದುಂಡಗೆ, ನೀರು ಅಂದ್ರೆ ದುಂಡಗೇ ಇರುತ್ತೆ ಅಂದ್ಕೊಂಡು ಸಾಯೋಕೆ ಇಷ್ಟ ಇಲ್ಲ. ಅದಕ್ಕೆ ಈ ಊರು, ಈ ಲಾಡ್ಜು, ಆ ದೋಣಿ — ದೋಣಿ ಇವತ್ತು ಹತ್ತಕ್ಕೆ, ಇದು ತಪ್ಪಿದರೆ ಇನ್ನು ಶನಿವಾರ, ನಮ್ಮ ಬಸ್ಸು ನಾಳೆ ಬೆಳಿಗ್ಗೆ. ಬಳೆಯಷ್ಟು ಕಣ್ಣಿನವಳು ಈಗ ನಡೆಯುವುದು ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು, ಬಲಗೈ, ನನ್ನ ಎಡ ಹೆಗಲು, ನೋಡಿದವರು ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎನ್ನುತ್ತಾರೆ, ಅನ್ನಲಿ ಬಿಡಿ, ಯಾರಿಗೂ ಹೇಳಬೇಡಿ, ಕುರುಡಿ ಅಂತ ಹೆಸರು ಕಟ್ತಾರೆ ಎನ್ನುತ್ತಾಳೆ ಅವಳು, ನಾನು ಬೆನ್ನಿನ ಗುಟ್ಟಿನವನು, ಅವಳು ಕಣ್ಣಿನ ಗುಟ್ಟಿನವಳು, ದೇವರು ಜೋಡಿಯನ್ನು ನೋಡಿಯೇ ಸೇರಿಸಿದ್ದಾನೆ.

ಬೆಳಿಗ್ಗೆ ಪಕ್ಕದ ಕೋಣೆಯ ಮೇಷ್ಟ್ರು ಹಳದಿ ಟೋಪಿ ಹಾಕಿಕೊಂಡು ಬಾಗಿಲು ಬಡಿದರು, ನಿನ್ನೆ ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನವರು, ಏನ್ ಯಜಮಾನ್ರೇ, ದುಡ್ಡು ಕೊಟ್ಟು ಬಂದು ಮಲಗೋದಾ, ಮಲಗೋಕೆ ನಿಮ್ಮಂಗಡೀಲಿ ಹಾಸಿಗೆ ಇರಲಿಲ್ವಾ, ಅವರ ಹೆಂಡತಿ ಹಿಂದಿನಿಂದ, ಸುಮ್ನಿರಿ ಅಂದ್ರೆ, ಪಾಪ ಅವರಿಗೆ ಸೊಂಟ, ಬನ್ನಿ ಅಮ್ಮ ನೀವು, ನಾವಿಲ್ವಾ. ಇವಳು ಮಂಚದ ತುದಿ ಹಿಡಿದು ನಿಂತಿದ್ದಳು, ನಾನು ಹೋಗಲ್ಲ, ನಿಮ್ಮನ್ನ ಹೀಗೆ ಬಿಟ್ಟು ಯಾವ ನೀರು ನೋಡಲಿ, ಅಂದಳು. ಹುಚ್ಚಿ, ನೀನು ನಡೀತಿರು, ಮಾತ್ರೆ ಹತ್ತಲಿ, ಹತ್ತು ನಿಮಿಷಕ್ಕೆ ನಾನೂ ಬಂದೆ, ದೋಣಿ ಕಟ್ಟೆ ಹತ್ತಿರ ಸಿಗ್ತೀನಿ, ಅಂದೆ — ಎಷ್ಟು ಸಲೀಸಾಗಿ ಬಂತು ಆ ಸುಳ್ಳು, ಎಣ್ಣೆ ಹಚ್ಚಿದ ದಬ್ಬಣ ಅರಳೆಯಲ್ಲಿ ಹೋದ ಹಾಗೆ — ನಿಜವಾಗ್ಲೂ ಬರ್ತೀರಾ, ಬರ್ತೀನೇ. ಮೇಷ್ಟ್ರ ಹೆಂಡತಿಗೆ ಹೇಳಬೇಕಿತ್ತು, ಅಮ್ಮಾ, ಇವಳಿಗೆ ಪಕ್ಕದ್ದು ಕಾಣಲ್ಲ, ಕೈ ಬಿಡಬೇಡಿ, ಬಾಯಿ ತೆರೆದೆ ಕೂಡ, ಇವಳು ಅಷ್ಟರಲ್ಲೇ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು, ಬೇಡ ಎಂದು, ತೆರೆದ ಬಾಯಲ್ಲಿ ನಾನು ಕೆಮ್ಮಿದೆ. ಹೊರಟಳು, ಬಾಗಿಲ ಹತ್ತಿರ ಹೋಗುವಾಗ ರೂಢಿಯಲ್ಲಿ ಬಲಗೈ ಮೇಲೆದ್ದಿತು, ನನ್ನ ಹೆಗಲಿನ ಎತ್ತರಕ್ಕೆ, ಅಲ್ಲಿ ನಾನಿಲ್ಲ, ಬೆರಳುಗಳು ಗಾಳಿಯಲ್ಲಿ ಒಂದು ಕ್ಷಣ ತಡವಿದವು, ಆಮೇಲೆ ಬಾಗಿಲ ಚೌಕಟ್ಟು ಸಿಕ್ಕಿತು. ಮಲಗಿದಲ್ಲಿಂದ ಅದನ್ನು ನೋಡಿದೆ, ನೋಡಿಯೂ ಕರೆಯಲಿಲ್ಲ. ಅಜ್ಜಿ ಒಂದು ಕಥೆ ಹೇಳುತ್ತಿದ್ದಳು, ಒಬ್ಬ ಭಕ್ತ ದೇವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಮೂರು ಬೆಟ್ಟ ದಾಟಬೇಕಂತೆ, ಎರಡನೇ ಬೆಟ್ಟಕ್ಕೆ ಬೆನ್ನು ಬಿತ್ತಂತೆ, ಸ್ವಾಮಿ, ಒಂದು ಗಳಿಗೆ ಇಳೀತೀಯಾ ಅಂದನಂತೆ, ಇಳೀತೀನಪ್ಪ, ನಾನು ಇಳಿದರೆ ನೀನು ಯಾತಕ್ಕೆ ನಡೀತೀಯ ಅಂದನಂತೆ ದೇವರು, ಮಕ್ಕಳೆಲ್ಲ ಹೋ ಎಂದು ನಗುತ್ತಿದ್ದೆವು, ಅವರು ಮೂರನೇ ಬೆಟ್ಟ ದಾಟಿದರಾ ಎಂದು ಒಬ್ಬನೂ ಕೇಳಲಿಲ್ಲ, ಅಜ್ಜಿಯೂ ಹೇಳಲಿಲ್ಲ.

ಏಳಬೇಕು. ಡಾಕ್ಟರು ಕಲಿಸಿದ ಹಾಗೆ, ಮರದ ದಿಮ್ಮಿ ಉರುಳಿದ ಹಾಗೆ ಒಟ್ಟಿಗೇ ಮಗ್ಗುಲಾಗು, ಮಂಡಿ ಮಡಚು, ಕಾಲು ಕೆಳಗೆ ಬಿಡು, ಮೊಣಕೈ ಊರು, ಶಿವನೇ, ಒಂದು, ಶಿವನೇ, ಎರಡು — ಕುಳಿತ ಸ್ಪಂಜು ನನ್ನನ್ನು ಒಳಕ್ಕೇ ಎಳೆಯುತ್ತದೆ, ಇಂಥ ಹಾಸಿಗೆ ಮಾಡಿದವನ ಕೈಗೆ ನಮಸ್ಕಾರ — ಎದ್ದೆ, ನಿಂತೆ, ನಿಂತದ್ದು ಎಂದರೆ ಹೆಸರಿಗೆ, ಮೇಲಿನ ಅರ್ಧ ಎಡಕ್ಕೂ ಮುಂದಕ್ಕೂ ಬಾಗಿ ನಿಂತಿದೆ, ಗಾಳಿಗೆ ಬಿದ್ದ ಬಾಳೆಗಿಡದ ಹಾಗೆ, ಸೊಂಟಪಟ್ಟಿ ಬಿಗಿದರೂ ನೆಟ್ಟಗಾಗುವುದಿಲ್ಲ. ಕಾರಿಡಾರಿನ ಕೊನೆಯ ಕಿಟಕಿಯಿಂದ ದೋಣಿ ಕಟ್ಟೆ ಕಾಣುತ್ತದೆ ಅಂದಿದ್ದರು ಮೇಷ್ಟ್ರು, ಅಲ್ಲಿಯವರೆಗೆ ಸಾಕು, ಅವಳು ಹತ್ತುವುದನ್ನು ನೋಡಿದರೆ ಸಾಕು, ಗೋಡೆ ಹಿಡಿದು ಒಂದೊಂದೇ ಹೆಜ್ಜೆ, ಕೋಣೆ ಗುಡಿಸುವ ಹೆಂಗಸು ಬಕೆಟ್ಟಿನ ಜೊತೆ ಎದುರಾದಳು, ಏನ್ ಯಜಮಾನ್ರೇ, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದ್ದೀರಾ, ಅಂದಳು, ಅಲ್ಲಮ್ಮ, ನಾನು ಬೀಳ್ತೀನಿ ಅಂತ ಗೋಡೆ ನನ್ನ ಹಿಡ್ಕೊಂಡಿದೆ, ಅಂದೆ, ನಕ್ಕಳು, ಸೊಂಟವಾ, ನನಗೂ ಅದೇ, ದಿನಕ್ಕೆ ಮೂವತ್ತು ಹಾಸಿಗೆ ಎತ್ತಿ ಚಾದರ ಸಿಗಿಸ್ತೀನಲ್ಲ, ಹೋಗೋ ನೋವಲ್ಲ ಬಿಡಿ ಅದು, ಜೊತೇಲಿ ಇಟ್ಕೊಂಡು ಬಾಳೋದು, ಎಂದು ಬಕೆಟ್ಟಿಗೆ ಬಟ್ಟೆ ಅದ್ದಿದಳು, ಜ್ಯೋತಿಷಿ ಹೇಳಿದ್ದರೆ ನಂಬುತ್ತಿರಲಿಲ್ಲ, ಅವಳನ್ನು ನಂಬಿದೆ. ಕಿಟಕಿ. ಗಾಜು ತೆರೆಯುವಂಥದ್ದಲ್ಲ, ಚೌಕಟ್ಟಿಗೇ ಕೂಡಿಸಿದ್ದಾರೆ, ಆಚೆ ನೀರು, ಎಷ್ಟೊಂದು ನೀರು ಶಿವನೇ, ನನಗೆ ಕಾಣುತ್ತಿದೆ, ನನಗೇಕೆ — ಕೆಳಗೆ ಕಟ್ಟೆ, ದೋಣಿ, ಹಳದಿ ಟೋಪಿ ಆಗಲೇ ದೋಣಿಯೊಳಗೆ, ಮುಂದಿನ ಸಾಲಿನಲ್ಲಿ, ಅವರ ಹೆಂಡತಿ ಚೀಲ ಇಟ್ಟು ಜಾಗ ಹಿಡಿಯುತ್ತಿದ್ದಾರೆ, ಕೆಟ್ಟವರಲ್ಲ, ಗೊತ್ತಿಲ್ಲದವರು, ಹಿಂದೆಯೇ ಬರುತ್ತಿದ್ದಾಳೆ ಅಂದುಕೊಂಡವರು, ಮತ್ತೆ ಇವಳು, ದೋಣಿ ಹತ್ತುವ ಹಲಗೆಯ ಈಚೆ ತುದಿಯಲ್ಲಿ, ನಿಂತಿದ್ದಾಳೆ. ದೋಣಿಯವನು ಪಕ್ಕದಿಂದ ಕೈ ಚಾಚಿದ್ದಾನೆ, ಅಯ್ಯಾ, ಪಕ್ಕದಿಂದ ಅಲ್ಲ, ಎದುರಿಗೆ ಬಾ, ಎದುರಿಗೆ, ಗಾಜು ಬಡಿಯುತ್ತೇನೆ, ಬಡಿದದ್ದು ನನ್ನ ಸೊಂಟಕ್ಕೇ ಕೇಳುತ್ತದೆ, ಅವನು ಕೈ ಹಿಂದಕ್ಕೆ ತೆಗೆದುಕೊಂಡ, ಬರುವುದಿಲ್ಲ ಅಂದುಕೊಂಡನೋ ಏನೋ, ಮೇಷ್ಟ್ರು ಎದ್ದು ನಿಂತು ಬಾಯಿ ಅಗಲಿಸಿ ಏನೋ ಕೂಗುತ್ತಾರೆ, ಇವಳ ಮುಖ ಅವರ ಕಡೆಗೂ ಇಲ್ಲ, ನೀರಿನ ಕಡೆಗೂ ಇಲ್ಲ, ಲಾಡ್ಜಿನ ದಾರಿಯ ಕಡೆಗಿದೆ, ಹತ್ತು ನಿಮಿಷ ಎಂದೋ ಆಗಿಹೋಗಿದೆ, ಬರ್ತೀನೇ ಅಂದವನ ದಾರಿ, ಹಗ್ಗ ಬಿಚ್ಚಿದರು, ಹಲಗೆ ಎಳೆದುಕೊಂಡರು, ದೋಣಿಗೂ ಕಟ್ಟೆಗೂ ನಡುವೆ ಒಂದು ಗೇಣು ನೀರು, ಒಂದು ಮೊಳ, ಒಂದು ಮಾರು, ಅವಳಿಗೆ ತಿಳಿಯಿತೋ ಇಲ್ಲವೋ, ತಿಳಿದರೂ ಏನು, ಬಲಗೈ ಮೇಲೆದ್ದಿದೆ, ಬಾಗಿಲಲ್ಲಿ ಎದ್ದ ಹಾಗೇ, ಬೆರಳು ಬಿಡಿಸಿಕೊಂಡು, ನನ್ನ ಹೆಗಲಿಗೆ — ನಾನು ಈಗ ಹೀಗೆ ಬಾಗಿ ನಿಂತಿದ್ದೇನೆ, ಓಡಿ ಹೋಗಿ ಪಕ್ಕದಲ್ಲಿ ನಿಂತರೂ ಆ ಎತ್ತರದಲ್ಲಿ ನನ್ನ ಹೆಗಲಿಲ್ಲ — ಕೈ ಇಳಿಸಲಿಲ್ಲ ಅವಳು, ದೋಣಿ ತಿರುಗಿತು, ಕೈ ಇಳಿಸಲಿಲ್ಲ, ಗಾಳಿಯಲ್ಲಿ, ತಡವುತ್ತಾ, ಆ ಕೈ, ಅಷ್ಟು ಎತ್ತರದಲ್ಲಿ, ಆ ಕೈ