ನೆಲಕ್ಕಿಳಿದ ಸಿಂಬಿ

ಘಾಟ್ಕೋಪರಿನಲ್ಲಿ ತಾನು ಬೆನ್ ಎಂದು ಕರೆಯುವ ಯಜಮಾನತಿಯ ಮನೆಯ ನೆಲ ಒರೆಸಲು ಹೋದ ಸುಂದ್ರವ್ವ ಆ ದಿನ ನೆಲವನ್ನೇ ಮರೆತು ನಿಂತಳು. ಹಾಲಿನ ನಟ್ಟನಡುವೆ ಹುಣ್ಣಿಮೆ ಬಿದ್ದಿತ್ತು! ಬಣ್ಣಬಣ್ಣದ ಬಟ್ಟೆಯ ಜಡೆ ಹೆಣೆದು, ಸುತ್ತಿ ಸುತ್ತಿ ಹೊಲಿದ ದುಂಡನೆಯ ಹಾಸು. ಸೋಫಾ, ಟೀಪಾಯಿ, ರೇಡಿಯೊ ಎಲ್ಲವೂ ಅದರತ್ತಲೇ ಮುಖ ಮಾಡಿ ಕುಳಿತಂತಿದ್ದವು.

"ಮೇರಾ ದೇವರ್ ಅಮೆರಿಕಾ ಸೆ ಲಾಯಾ," ಎಂದಳು ಬೆನ್. ಈ ಊರಿನಲ್ಲಿ ದೇವರ್ ಎಂದರೆ ಮೈದುನ ಎಂಬುದು ತಿಳಿಯದೆ ಸುಂದ್ರವ್ವ ಮೊದಮೊದಲು ಕೈ ಮುಗಿದದ್ದುಂಟು. ಅವನು ಅದನ್ನು ತಂದ ಅಮೆರಿಕಾದ ಅಜ್ಜಿಯರು ಹಿಂದಿನ ಕಾಲದಿಂದಲೂ ಹರಕು ಬಟ್ಟೆಯಲ್ಲೇ ಇಂಥವನ್ನು ಮಾಡುತ್ತಿದ್ದರಂತೆ.

ಹರಕು ಬಟ್ಟೆ! ಸಮುದ್ರದಾಚೆ ಯಾವಳೋ ಮುದುಕಿ ಚಳಿಯಲ್ಲಿ ಕೂತು ಮಗನ ಹಳೆ ಅಂಗಿ ಸೀಳಿದ್ದಳು. ಅವಳ ಬೆರಳೂ ತನ್ನ ಬೆರಳಿನಂತೆಯೇ ಓಡಿರಬೇಕು. ಸುಂದ್ರವ್ವ ಬಗ್ಗಿ ಒಂದು ಜಡೆಯನ್ನು ಮುಟ್ಟಿ ನೋಡಿದಳು.

ವಿಕ್ರೋಳಿಯ ಚಾಳಿನಲ್ಲಿ ಅವಳದು ಒಂದೇ ಖೋಲಿ. ಅಡುಗೆಗೆ ಅಡಿ ಜಾಗ, ಉಳಿದದ್ದು ಸಂಸಾರಕ್ಕೆ. ಈಗಷ್ಟೇ ಕೂರಲು ಕಲಿತ ಮಗಳಿಗೆ ಕಲ್ಲುನೆಲದ ತಂಪು ತಾಗಿ ಕೆಮ್ಮು ಬಿಟ್ಟಿರಲಿಲ್ಲ. ಅತ್ತೆ ರಾಚವ್ವ ಮೂಲೆಗೊಗೆದಿದ್ದ ಇಳಕಲ್ ಸೀರೆಗಳನ್ನು ಸೀಳಿ, ಸುಂದ್ರವ್ವ ಹೆಣೆಯತೊಡಗಿದಳು. ಆದರೆ ಅವಳ ಕೈಗೆ ಗೊತ್ತಿದ್ದ ಸುತ್ತು ಒಂದೇ: ಗಾರೆ ತುಂಬಿದ ಗಮೇಲಾ ಹೊರುವಾಗ ತಲೆಯ ಮೇಲಿಡುವ ಸಿಂಬಿಯದು. ಸಿಂಬಿ ಬಿಗಿಯಿದ್ದಷ್ಟೂ ತಲೆಗೆ ಸುಖ. ಬಿಗಿದಳು, ಇನ್ನೂ ಬಿಗಿದಳು. ಹಾಸಿನ ಅಂಚು ಮೇಲೆದ್ದು ಬುಟ್ಟಿಯಾಯಿತು.

ಗಂಡ ಗುರಲಿಂಗಪ್ಪ ಮೂಗು ಹಿಡಿದು ಸ್ಟೇಷನ್ನಿನಲ್ಲಿ ರೈಲು ಕೂಗುವ ಭೋಂಗಾ ಆದ: "ಪ್ಲಾಟ್‌ಫಾರಂ ನಂಬರ್ ಏಕ್ ಪರ್ ಆನೇವಾಲೀ ಬುಟ್ಟೀ, ಆಜ್ ಫಾಸ್ಟ್ ಹೈ!"

ರಾಚವ್ವ ನಗಲಿಲ್ಲ. "ಇದು ಬುಟ್ಟಿ ಅಲ್ಲೋ, ಸಿಂಬಿ. ತಲಿ ಮ್ಯಾಲಿಂದನ್ನ ಕಾಲಾಗ ಹಾಕತೀಯೇನ ಸುಂದ್ರಿ? ನಾ ಇರೋತನಕ ಅದು ನೆಲಕ್ಕ ಬೀಳಂಗಿಲ್ಲ. ಬಿಚ್ಚು."

"ಕೂಸಿಗ್ರೀ ಅತ್ತಿ... ಬೆನ್ ಮನ್ಯಾಗ ಎಲ್ಲಾರೂ ಅದರ ಮ್ಯಾಲ ಅಡ್ಡಾಡತಾರ್ರೀ."

"ಯಾವ ಬೆನ್ ಮನಿ?"

"ಸ್ಟೇಷನ್ ಬಾಜೂಕ, ಮೆಟ್ಟಲಕ್ಕ ದುಂಡ ಕಿಡಕಿ ಅದಾವಲ್ರೀ, ಆ ಬಿಲ್ಡಿಂಗ್. ಮೂರನೇ ಮಾಳಿಗಿ."

ರಾಚವ್ವನ ಕೈ ತಾನಾಗಿಯೇ ನೆತ್ತಿಗೆ ಹೋಯಿತು. ಅಲ್ಲಿ ಕೂದಲು ದುಂಡಗೆ ಸವೆದಿತ್ತು. "ಆ ಸ್ಲ್ಯಾಬ್ ನಾವ ಹೊತ್ತಿದ್ವಿ. ಕಾಂಕ್ರೀಟ್ ಬಿಗಿಯೂದ್ರಾಗ ಮುಗೀಬೇಕು ಅಂತ ಮೇಸ್ತ್ರಿ ಒದರತಿದ್ದ. ಇಡೀ ದಿನ ಸಿಂಬಿ ಇಳಸಲಿಲ್ಲ."

ಸುಂದ್ರವ್ವ ಅತ್ತೆಯ ನೆತ್ತಿಯನ್ನೇ ನೋಡಿದಳು. ದಿನಾ ತಾನು ಒರೆಸುವ ಆ ನೆಲ ಈ ತಲೆಯ ಮೇಲಿಂದ ಹೋದದ್ದು! ಹುಣ್ಣಿಮೆಯ ಕೆಳಗೆ ಫರ್ಶಿ ಕಲ್ಲು, ಫರ್ಶಿಯ ಕೆಳಗೆ ಸ್ಲ್ಯಾಬ್, ಸ್ಲ್ಯಾಬಿನ ಕೆಳಗೆ ಸಿಂಬಿ.

"ಅಂದ್ರ ನಿಮ್ಮ ಸಿಂಬಿ ಮ್ಯಾಲ ಮಂದಿ ಆಗ್ಲೇ ಅಡ್ಡಾಡಾಕತ್ತಾರಲ್ರೀ, ಅತ್ತಿ," ಎಂದಳು ಮೆಲ್ಲಗೆ.

ರಾಚವ್ವ ಹಾಸನ್ನು ತೊಡೆಗೆಳೆದುಕೊಂಡು, ಬ್ಲೇಡಿನಿಂದ ಹೊಲಿಗೆ ಕೊಯ್ಯತೊಡಗಿದಳು. ಸುಂದ್ರವ್ವ ಕಣ್ಣು ಮುಚ್ಚಿದಳು.

"ಅಳಬ್ಯಾಡ, ಸೂಜಿ ತಾ. ಇಷ್ಟ ಬಿಗದ್ರ ಅದು ಮಲಗೂದರ ಹೆಂಗ? ಹೊರಗಿನ ಸುತ್ತು ಸಡ್ಲ ಬಿಡಬೇಕು."

ಅತ್ತೆ ಬಿಚ್ಚಿದಳು, ಸೊಸೆ ಹೊಲಿದಳು. ನಡುವಿನ ಗೇಣಗಲ ಮಾತ್ರ ರಾಚವ್ವ ಮುಟ್ಟಲಿಲ್ಲ. "ಇದು ಸಿಂಬಿನ. ಇದರ ಮ್ಯಾಲ ಯಾರೂ ಕಾಲಿಡಂಗಿಲ್ಲ. ಕೂಸು ಕುಂದ್ರಲಿ."

ಸಂಜೆ ಶಿಫ್ಟ್ ಮುಗಿಸಿ ಬಂದ ಗುರಲಿಂಗಪ್ಪ ಹೊಸ್ತಿಲಲ್ಲೇ ನಿಂತ. ಹಾಸು ನೆಲಕ್ಕೆ ಅಂಟಿ ಮಲಗಿತ್ತು. ಇಳಕಲ್ಲಿನ ಕೆಂಪು ಅಂಚು ಸುತ್ತಿನ ಮೇಲೆ ಸುತ್ತಾಗಿ ಹೊರಟು ಗೋಡೆಗಳನ್ನು ಹಿಂದಕ್ಕೆ ಸರಿಸಿದಂತಿತ್ತು. ನಡುವಿನ ಸಿಂಬಿಯಲ್ಲಿ ಮಗಳು, ಸೀರೆಯ ದಾರ ಕೀಳುತ್ತ.

ಮೂಗು ಹಿಡಿಯಲು ಎತ್ತಿದ ಕೈಯನ್ನು ಅವನು ಇಳಿಸಿದ. ಹೊಟ್ಟೆ ಒಳಗೆಳೆದುಕೊಂಡು, ಗೋಡೆಗೆ ಬೆನ್ನು ಹಚ್ಚಿ, ಹಾಸಿನ ಅಂಚಿಗೂ ಕಾಲು ತಾಗದಂತೆ ಸುತ್ತು ಹಾಕಿ ತನ್ನ ತಾಟಿನ ಮುಂದೆ ಕುಳಿತ.